ಒಂದು ದಿನದ ದಾನ, ಉಳಿದ ದಿನಗಳ ಮೌನ

ನಮ್ಮ ಘಟ್ಟ ಪ್ರದೇಶದ ಸಂಘಟನೆಗಳ ಮುಂದೆ ಈಗ ಒಂದು ಪ್ರಸ್ತಾಪವಿದೆ. ವರ್ಷಕ್ಕೊಂದು ದಿನವನ್ನು ಗೊತ್ತುಮಾಡಿ, ಇಲ್ಲಿನ ಎಲ್ಲ ಸೇವಾಸಂಸ್ಥೆಗಳ ಹೆಸರುಗಳನ್ನು ಒಂದೇ ಜಾಲತಾಣದಲ್ಲಿ ಸೇರಿಸಿ, 24 ಗಂಟೆಗಳೊಳಗೆ ಅಂತರಜಾಲದ ಮೂಲಕ ದೇಣಿಗೆ ಸಂಗ್ರಹಿಸಬೇಕು ಎಂಬುದು ಅದು. ಇದನ್ನು ಮುಂದಿಟ್ಟವರು ಬೆಂಗಳೂರಿನಲ್ಲಿ ದುಡಿಯುತ್ತಿರುವ ನಮ್ಮೂರುಗಳ ಮಕ್ಕಳೇ. ಅವರ ಸದುದ್ದೇಶದ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಸದುದ್ದೇಶವೊಂದೇ ಯಾವ ಕ್ರಮವನ್ನೂ ಒಪ್ಪಿಕೊಳ್ಳಲು ಸಾಕಾದ ಕಾರಣವಲ್ಲ. ತಮ್ಮ ಮಾತಿಗೆ ಆಧಾರವಾಗಿ ಅವರು ತೋರಿಸುತ್ತಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯವನ್ನು. ಹಾಗಾದರೆ ಆ ಉದಾಹರಣೆಯನ್ನೇ ಸರಿಯಾಗಿ ಓದೋಣ.

ಮಿನ್ನೆಸೋಟದ 'ಗಿವ್ ಟು ದ ಮ್ಯಾಕ್ಸ್ ಡೇ' ಮೊದಲ ಬಾರಿಗೆ ನಡೆದದ್ದು 2009ರ ನವೆಂಬರ್ 17ರಂದು. ಆ ಒಂದೇ ದಿನ 38 ಸಾವಿರಕ್ಕೂ ಹೆಚ್ಚು ಜನರು ಮೂರು ಸಾವಿರಕ್ಕೂ ಮೀರಿದ ಸಂಸ್ಥೆಗಳಿಗೆ ಸುಮಾರು 1 ಕೋಟಿ 40 ಲಕ್ಷ ಡಾಲರ್ ಕೊಟ್ಟರು. ಯಾರನ್ನಾದರೂ ಬೆರಗುಗೊಳಿಸುವ ಮೊತ್ತ. ಆದರೆ ಮರುವರ್ಷ, 2010ರಲ್ಲಿ, ದಾನಿಗಳ ಸಂಖ್ಯೆ 42 ಸಾವಿರ ದಾಟಿತು. ಸೇರಿದ ಹಣ ಮಾತ್ರ ಸುಮಾರು 1 ಕೋಟಿ ಡಾಲರಿಗೆ ಇಳಿಯಿತು. ಎರಡನೆಯ ವರ್ಷ ಗೆದ್ದಿತೋ ಸೋತಿತೋ? ಹಣ ಎಣಿಸುವವರು ಸೋಲೆನ್ನುತ್ತಾರೆ, ಜನರನ್ನು ಎಣಿಸುವವರು ಗೆಲುವೆನ್ನುತ್ತಾರೆ. ಅಳತೆಗೋಲು ಯಾವುದೆಂದು ಮೊದಲೇ ತೀರ್ಮಾನಿಸದೆ ಸಂತೆಗೆ ಹೊರಟವನಿಗೆ ಲಾಭ ನಷ್ಟಗಳೆರಡೂ ತಿಳಿಯುವುದಿಲ್ಲ.

ಆ ದಿನದ ಸಂಜೆ ಘೋಷಿಸುವ ಒಟ್ಟು ಮೊತ್ತ ನಮಗೆ ಹೇಳದಿರುವುದೇ ಹೆಚ್ಚು. ಆ ಹಣ ಹೊಸದಾಗಿ ಬಂದದ್ದೋ, ಅಥವಾ ಬೇರೆ ತಿಂಗಳುಗಳಲ್ಲಿ ಬರಬೇಕಾದದ್ದೇ ಆ ದಿನಕ್ಕೆ ಸರಿದು ಬಂದದ್ದೋ? ಹೊಸ ದಾನಿಗಳಲ್ಲಿ ಮರುವರ್ಷ ಎಷ್ಟು ಜನ ಉಳಿದರು? ಪ್ರಚಾರಕ್ಕಾಗಿ ಕಾರ್ಯಕರ್ತರು ಎಷ್ಟು ವಾರ ಕಳೆದರು? ಆ ವಾರಗಳಲ್ಲಿ ನಿಂತುಹೋದ ಕೆಲಸ ಯಾವುದು? ಇವುಗಳಿಗೆ ಉತ್ತರವಿಲ್ಲದ ಲೆಕ್ಕಪತ್ರ ಕೇವಲ ಜಾಹೀರಾತು.

ಇನ್ನು ಸ್ಪರ್ಧೆಯ ಮಾತು. ಇಂಥ ದಿನಗಳಲ್ಲಿ ಯಾವ ಸಂಸ್ಥೆಗೆ ಎಷ್ಟು ಬಂತು ಎಂಬ ಶ್ರೇಯಾಂಕಪಟ್ಟಿ ಗಳಿಗೆಗೊಮ್ಮೆ ಬದಲಾಗುತ್ತಿರುತ್ತದೆ. ಮುಂದಿರುವವರಿಗೆ ಬಹುಮಾನ, ಮಿನ್ನೆಸೋಟದಲ್ಲಂತೂ ಚೀಟಿ ಎತ್ತಿದಂತೆ ಒಬ್ಬ ದಾನಿಯನ್ನು ಆರಿಸಿ, ಆತ ಮೆಚ್ಚಿದ ಸಂಸ್ಥೆಗೆ 1,000 ಡಾಲರ್ ಹೆಚ್ಚುವರಿಯಾಗಿ ಕೊಡುವ ಪದ್ಧತಿಯೂ ಬೆಳೆಯಿತು. ಪ್ರಚಾರಕ್ಕೆಂದೇ ಸಂಬಳದ ನೌಕರರನ್ನೂ ಸಾವಿರಾರು ಹಳೆಯ ವಿದ್ಯಾರ್ಥಿಗಳ ವಿಳಾಸಪಟ್ಟಿಯನ್ನೂ ಇಟ್ಟುಕೊಂಡಿರುವ ದೊಡ್ಡ ವಿದ್ಯಾಸಂಸ್ಥೆಗೂ, ಹಳ್ಳದ ದಂಡೆಯ ಕಾಡನ್ನು ಸರದಿಯಲ್ಲಿ ಕಾಯುವ ಹತ್ತು ಮನೆಗಳ ಗುಂಪಿಗೂ ಒಂದೇ ಓಟದ ಪಂದ್ಯ! ಅಡಿಕೆ ಮಂಡಿಯ ಹರಾಜಿನಲ್ಲಾದರೂ ಮಾಲನ್ನು ನೋಡಿ ಬೆಲೆ ಕಟ್ಟುತ್ತಾರೆ. ಇಲ್ಲಿ ಕೂಗಿದವನ ಗಂಟಲಿಗಷ್ಟೇ ಬೆಲೆ.

ಯಂತ್ರದ ಮೇಲಿನ ನೆಚ್ಚಿಕೆಯೂ ಪರೀಕ್ಷೆಗೊಳಗಾಗಿದೆ. 2013ರಲ್ಲಿ ಮಿನ್ನೆಸೋಟದ ಜಾಲತಾಣ ಆ ದಿನವೇ ಹಲವು ಗಂಟೆಗಳ ಕಾಲ ಸ್ಥಗಿತವಾಯಿತು. 2016ರ ಮೇ 3ರಂದು, ಅಮೆರಿಕದ ಅನೇಕ ಊರುಗಳ ದಾನದಿನವನ್ನು ಏಕಕಾಲಕ್ಕೆ ಹೊತ್ತಿದ್ದ ಕಿಂಬಿಯಾ ಎಂಬ ಕಂಪನಿಯ ವ್ಯವಸ್ಥೆ ಕುಸಿಯಿತು. ತಿಂಗಳುಗಟ್ಟಲೆ ಸಿದ್ಧತೆ ನಡೆಸಿದ್ದ ಸಣ್ಣ ಸಂಸ್ಥೆಗಳು ಪರದೆಯನ್ನು ನೋಡುತ್ತ ಕೂರಬೇಕಾಯಿತು. ಊರಿನ ಗದ್ದೆಗಳೆಲ್ಲ ಒಂದೇ ಕೆರೆಯನ್ನು ನೆಚ್ಚಿಕೊಂಡರೆ ಏರಿ ಒಡೆದ ದಿನ ಊರಿಗೆ ಊರೇ ಒಣಗುತ್ತದೆ. ಅಮೆರಿಕದಲ್ಲೇ ಹೀಗಾದರೆ, ಗಾಳಿಮಳೆಗೆ ಮರ ಬಿದ್ದು ವಾರಗಟ್ಟಲೆ ವಿದ್ಯುತ್ ಇಲ್ಲದಿರುವ, ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ನಮ್ಮ ಹಳ್ಳಿಗಳ ಪಾಡೇನು?

ಎಲ್ಲಕ್ಕಿಂತ ಗಂಭೀರವಾದುದು, ಆ ಪಟ್ಟಿಯೊಳಗೆ ಪ್ರವೇಶವೇ ಇಲ್ಲದವರ ಪ್ರಶ್ನೆ. ಇಂಥ ಜಾಲತಾಣಗಳು ಸಹಜವಾಗಿಯೇ ನೋಂದಣಿ, ತೆರಿಗೆ ವಿನಾಯಿತಿ ಪತ್ರ, ಲೆಕ್ಕಪರಿಶೋಧಕರ ವರದಿ ಕೇಳುತ್ತವೆ. ಗಣಿಗೆ, ಅಣೆಕಟ್ಟಿಗೆ ಎದುರು ನಿಂತ ಊರಿನ ಹೋರಾಟ ಸಮಿತಿಯ ಬಳಿ ಇವು ಯಾವುವೂ ಇರುವುದಿಲ್ಲ. ಪರದೇಶದಲ್ಲಿರುವ ನಮ್ಮವರ ಹಣದಲ್ಲೂ ತೊಡಕಿದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರ ಸ್ವಂತ ದುಡಿಮೆಯ ದೇಣಿಗೆ ಒಂದು ಬಗೆ; ಅಲ್ಲಿನ ಪೌರತ್ವ ಪಡೆದವರದು ವಿದೇಶಿ ವಂತಿಗೆ ಕಾಯ್ದೆಯ ಹಿಡಿತಕ್ಕೆ ಬರುತ್ತದೆ. 2020ರ ತಿದ್ದುಪಡಿಯ ತರುವಾಯ ಅಂಥ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತೆಯೂ ಇಲ್ಲ. ಅಂದಮೇಲೆ ದೊಡ್ಡ ಸಂಸ್ಥೆಯೊಂದು ಎಲ್ಲರ ಪರವಾಗಿ ಪಡೆದು ಹಂಚುತ್ತದೆ ಎಂಬ ಭರವಸೆ ಆ ಮಟ್ಟಿಗೆ ಹುಸಿ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನರು ಕೊಡಲಿಗೆ ಎದುರಾಗಿ ಮರಗಳನ್ನು ಅಪ್ಪಿಕೊಂಡರು. ಆ ಪ್ರತಿಭಟನೆ ನಡೆದದ್ದು 24 ಗಂಟೆಯಲ್ಲ, 38 ದಿನ. ಅವರು ಕೊಟ್ಟದ್ದು ತಮ್ಮ ದುಡಿಮೆಯ ದಿನಗಳನ್ನು. ಯಾವ ಶ್ರೇಯಾಂಕಪಟ್ಟಿ ಅದನ್ನು ಎಣಿಸೀತು? ಅಪ್ಪಿಕೋ ಚಳವಳಿಯ ಬಂಡವಾಳ ಜನರೇ ಆಗಿದ್ದರು. ಜನರ ಜಾಗದಲ್ಲಿ ದಾನಿಗಳು ಬಂದು ಕುಳಿತ ದಿನ, ದಾನಿಗೆ ರುಚಿಸದ ಹೋರಾಟವನ್ನು ನಾವೇ ಮೆಲ್ಲಗೆ ಕೈಬಿಡತೊಡಗುತ್ತೇವೆ. ನಮ್ಮ ಭಯ ಇದೇ.

ಹಾಗೆಂದು ಪ್ರಸ್ತಾಪವನ್ನು ಸಾರಾಸಗಟಾಗಿ ತಳ್ಳಿಹಾಕಬೇಕೆಂದು ನಾವು ಹೇಳುವುದಿಲ್ಲ. ದೂರದಲ್ಲಿರುವ ಮಕ್ಕಳು ಊರಿನ ಕಾಡಿಗಾಗಿ ಮೊದಲ ಬಾರಿ ನೂರು ರೂಪಾಯಿ ಕೊಡುವುದೂ ಒಂದು ಸಂಬಂಧವೇ. ಇಂಥ ದಿನದಿಂದ ಸಣ್ಣ ಸಂಸ್ಥೆಗಳು ಲೆಕ್ಕವಿಡುವುದನ್ನು, ತಮ್ಮ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳುವುದನ್ನು ಕಲಿಯಬಲ್ಲವು. ನಮ್ಮ ದೇಶದಲ್ಲೇ 2009ರಲ್ಲಿ ಆರಂಭವಾದ, ಇಂದು 'ದಾನ್ ಉತ್ಸವ್' ಎನಿಸಿಕೊಂಡಿರುವ ಅಕ್ಟೋಬರ್ 2ರಿಂದ 8ರವರೆಗಿನ ಸಪ್ತಾಹದಲ್ಲಿ ಹಣದೊಂದಿಗೆ ಸಮಯವನ್ನೂ ವಸ್ತುಗಳನ್ನೂ ಕೊಡುವವರಿದ್ದಾರೆ. ಅನುಕರಿಸಲೇಬೇಕಿದ್ದರೆ ಈ ಗುಣವನ್ನು ಅನುಕರಿಸೋಣ.

ಆದುದರಿಂದ ನಮ್ಮ ಷರತ್ತುಗಳು ಸ್ಪಷ್ಟ. ಶ್ರೇಯಾಂಕಪಟ್ಟಿಯೂ ಬಹುಮಾನವೂ ಬೇಡ. ಬಂದ ಹಣದಲ್ಲಿ ಒಂದು ಪಾಲು ಎಲ್ಲರಿಗೂ ಸಮನಾಗಿ ಸಲ್ಲಲಿ. ಶ್ರಮದಾನದ ದಿನಗಳೂ ಸಸಿಗಳೂ ಬೀಜಗಳೂ ಹಣದ ಪಕ್ಕದಲ್ಲೇ ಲೆಕ್ಕಕ್ಕೆ ಬರಲಿ. ಜಾಲತಾಣ ನಡೆಸುವವರು ಹಿಡಿದುಕೊಳ್ಳುವ ಶುಲ್ಕವೆಷ್ಟೆಂಬುದು ಮೊದಲೇ ಬಹಿರಂಗವಾಗಲಿ. ಆರು ತಿಂಗಳ ನಂತರ ಪ್ರತಿಯೊಂದು ಸಂಸ್ಥೆಯೂ ಊರಿನ ಸಭೆಯಲ್ಲಿ ಖರ್ಚನ್ನು ಓದಿ ಹೇಳಲಿ. ಇದಕ್ಕೆ ಒಪ್ಪದ ದಾನದಿನದಲ್ಲಿ ನಮ್ಮ ಕೂಟ ಭಾಗವಹಿಸಬಾರದು.

ವಿದ್ಯಾರ್ಥಿ ಮಿತ್ರರೇ, ಈ ಮೌಲ್ಯಮಾಪನ ನಿಮ್ಮಿಂದಲೇ ಆಗಬೇಕಾದ ಕೆಲಸ. ದಾನದಿನ ನಡೆದದ್ದೇ ಆದರೆ ಅಂದಿನ ಮೊತ್ತವನ್ನು ಬರೆದಿಟ್ಟುಕೊಂಡು ಸುಮ್ಮನಾಗಬೇಡಿ. ವರ್ಷ ಕಳೆದ ಮೇಲೆ ಹಳ್ಳಿಗೆ ಹೋಗಿ ನೋಡಿರಿ. ನೆಟ್ಟ ಸಸಿಗಳಲ್ಲಿ ಬದುಕಿದ್ದೆಷ್ಟು, ಸಭೆಗೆ ಬರುವವರು ಹೆಚ್ಚಿದರೋ ಕಡಿಮೆಯಾದರೋ ಎಂದು ಕೇಳಿರಿ.

ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿಯನ್ನು ಬೇರೆ ಎತ್ತಿಡುವ ಪದ್ಧತಿಯನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಅದಕ್ಕೆ ಗೊತ್ತುಪಡಿಸಿದ ದಿನವೆಂಬುದಿರಲಿಲ್ಲ, ಏಕೆಂದರೆ ಅದು ದಿನವೂ ನಡೆಯುತ್ತಿತ್ತು.