ತಲೆ ಬಾಗುವುದು, ತಲೆ ತಗ್ಗಿಸುವುದು

ವಿದ್ಯೆಗೆ ವಿನಯವೇ ಭೂಷಣವೆಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ವಿನಯವೆಂದರೇನು? ಹಿಂದಿನ ಸಾಲಿನಲ್ಲಿ ಅಡಗಿ ನಿಲ್ಲುವುದೂ, 'ನನ್ನಿಂದ ಏನಾದೀತು' ಎನ್ನುವುದೂ ವಿನಯವೆಂದು ಅನೇಕರು ಭಾವಿಸಿದ್ದಾರೆ. ಅದು ವಿನಯವಲ್ಲ, ಅಂಜಿಕೆ. ಇವೆರಡರ ಅಂತರವನ್ನು ಕ್ರೈಸ್ತರ ಧರ್ಮಗ್ರಂಥವು ಸ್ಪಷ್ಟವಾಗಿ ತೋರಿಸುತ್ತದೆ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸುಕ್ರಿಸ್ತನು ಊಟದ ನಡುವೆ ಎದ್ದು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆಯುತ್ತಾನೆ. ಅಂದು ಅದು ಆಳುಗಳ ಕೆಲಸವಾಗಿತ್ತು. ಕೇರಳದ ಅನೇಕ ಚರ್ಚುಗಳಲ್ಲಿ ಪೆಸಹಾ ಗುರುವಾರದಂದು ಗುರುಗಳು ಹನ್ನೆರಡು ಜನರ ಪಾದ ತೊಳೆಯುವುದು ಇದರ ನೆನಪಿಗಾಗಿಯೇ. ಆದರೆ ಸುವಾರ್ತೆಗಾರನು ಮೊದಲೇ ಒಂದು ಸಂಗತಿಯನ್ನು ಹೇಳಿದ್ದಾನೆ: ತಾನು ಎಲ್ಲಿಂದ ಬಂದವನು, ಎಲ್ಲಿಗೆ ಹೋಗುವವನು ಎಂಬುದು ಯೇಸುವಿಗೆ ತಿಳಿದಿತ್ತು. ತನ್ನ ನೆಲೆಯನ್ನು ಅರಿತವನಿಗೆ ಬಾಗಲು ಭಯವಿಲ್ಲ. ಅರಿಯದವನು ಎಲ್ಲಿ ಸಣ್ಣವನಾಗುವೆನೋ ಎಂದು ಸೆಟೆದು ನಿಲ್ಲುತ್ತಾನೆ.

ಇದಕ್ಕೆ ನಿದರ್ಶನಗಳು ನಾವಿರುವ ನಾಡಿನಲ್ಲಿಯೇ ಇವೆ. 1502ರ ಯಾತ್ರೆಯಲ್ಲಿ ಕಲ್ಲಿಕೋಟೆಯ ಮೇಲೆ ಫಿರಂಗಿಯ ಗುಂಡು ಸುರಿಸಿದ ವಾಸ್ಕೋ ಡ ಗಾಮನು, 1524ರಲ್ಲಿ ವೈಸರಾಯ್ ಪದವಿಯ ವೈಭವದಿಂದ ಮರಳಿ ಬಂದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಇಂದು ಉಳಿದಿರುವುದು ಅವನ ಬರಿದಾದ ಸಮಾಧಿ. ಅವಶೇಷಗಳನ್ನು ಪೋರ್ತುಗಲ್ಲಿಗೆ ಒಯ್ದುಬಿಟ್ಟರು.

ತಿರುವನಂತಪುರದ ಬಳಿ ತುಂಬಾ ಎಂಬ ಮೀನುಗಾರರ ಹಳ್ಳಿಯ ಚರ್ಚಿನ ಕಥೆ ಬೇರೆ. ಆ ಸ್ಥಳವು ಭೂಮಿಯ ಕಾಂತೀಯ ವಿಷುವದ್ರೇಖೆಗೆ ಸಮೀಪವಾದ ಕಾರಣ, ವಿಕ್ರಮ್ ಸಾರಾಭಾಯಿಯವರು ಅದನ್ನು ರಾಕೆಟ್ ಹಾರಿಸಲು ಬಯಸಿದರು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಸಭೆಯ ಜನರನ್ನೇ ಕೇಳಿದರೆಂದು ಅಬ್ದುಲ್ ಕಲಾಂ ಅವರು ಬರೆದಿದ್ದಾರೆ. ಜನರು ಒಪ್ಪಿ ಮನೆಗಳನ್ನೂ ಚರ್ಚನ್ನೂ ಬಿಟ್ಟುಕೊಟ್ಟರು. ಚರ್ಚಿನ ಕಟ್ಟಡವೇ ಕಚೇರಿಯಾಯಿತು. ರಾಕೆಟ್ಟಿನ ಬಿಡಿಭಾಗಗಳು ಸೈಕಲ್ಲಿನ ಮೇಲೆ ಸಾಗಿದವು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಮೇಲೇರಿತು. ಆ ಮೀನುಗಾರರು ತಮ್ಮನ್ನು ಕೀಳೆಂದು ಬಗೆದು ದೂರ ಸರಿದವರಲ್ಲ. ತಮ್ಮದೆಂದು ಪ್ರೀತಿಸಿದ್ದನ್ನು ದೊಡ್ಡ ಕಾರ್ಯಕ್ಕಾಗಿ ಕೊಟ್ಟವರು.

ಇನ್ನು ನಮ್ಮ ದಿನನಿತ್ಯದ ಬಾಳಿಗೆ ಬರೋಣ. ಬಸ್ಸಿನಲ್ಲಿ ತಾಯಿ ಕನ್ನಡದಲ್ಲಿ ಕರೆದಾಗ ಅಕ್ಕಪಕ್ಕ ನೋಡಿ ಮೆಲ್ಲನೆ ಉತ್ತರ ಕೊಡುವ ಹುಡುಗನಿದ್ದಾನೆ. ಗೆಳತಿಯ ಕಾಸರಗೋಡಿನ ಕನ್ನಡವನ್ನೋ ನೆರೆಯವರ ಮಲಯಾಳವನ್ನೋ ಅಣಕಿಸಿ ನಗುವ ಹುಡುಗಿಯೂ ಇದ್ದಾಳೆ. ಮೊದಲನೆಯದು ವಿನಯವೆಂದೂ ಎರಡನೆಯದು ಗರ್ವವೆಂದೂ ತೋರಬಹುದು. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ರೋಗ. ಎರಡರಲ್ಲಿಯೂ ಮನುಷ್ಯರನ್ನು ಮೇಲು ಕೀಳೆಂದು ಅಳೆಯುವ ಕೋಲು ಇದೆ. ಲೂಕನ ಸುವಾರ್ತೆಯಲ್ಲಿ ದೇವಾಲಯಕ್ಕೆ ಬಂದ ಫರಿಸಾಯನು, ತಾನು ಸುಂಕದವನಂತೆ ಪಾಪಿಯಲ್ಲವೆಂದು ಹಿಗ್ಗಿದ್ದೂ ಇದೇ ಕೋಲಿನಿಂದ ಅಳೆದು.

ಆದುದರಿಂದ, ವಿದ್ಯಾರ್ಥಿ ಮಿತ್ರರೇ, ನಿಮ್ಮ ನುಡಿಯನ್ನು ಸಂಕೋಚವಿಲ್ಲದೆ ಆಡಿರಿ. ಬಾರದ ಮಲಯಾಳ ಪದವನ್ನು ನೆರೆಯ ಗೆಳೆಯನಿಂದಲೇ ಕೇಳಿ ಕಲಿಯಿರಿ. ಅವನು ಕನ್ನಡದಲ್ಲಿ ತಪ್ಪಿದಾಗ ನಗದೆ ತಿದ್ದಿರಿ. ಹಿರಿಯರಿಗೂ ನೆರೆಯವರಿಗೂ ತಲೆ ಬಾಗಿರಿ. ತಾಯ್ನುಡಿಗಾಗಿ ಮಾತ್ರ ಎಂದೂ ತಲೆ ತಗ್ಗಿಸಬೇಡಿರಿ.