ದೀಪ ಆರಿಸಿ, ಪತಂಗ ಹುಡುಕಿ



ದೀಪಕ್ಕೆ ಬಿದ್ದ ಪತಂಗದ ಹಾಗೆ ಆಗಬೇಡಿ ಎಂದು ಹಿರಿಯರು ನಮಗೆ ಬುದ್ಧಿ ಹೇಳುತ್ತಾರೆ. ತಪ್ಪೆಲ್ಲ ಪತಂಗದ್ದೇ ಎಂಬಂತೆ! ದೀಪ ಹಚ್ಚಿಟ್ಟವರು ಯಾರು ಎಂದು ನಾವು ಕೇಳುವುದಿಲ್ಲ. ಆಸ್ಟ್ರೇಲಿಯಾದ ಬೊಗೊಂಗ್ ಪತಂಗದ ಬಗ್ಗೆ ಓದಿದಾಗ ನಮಗೆ ಈ ಪ್ರಶ್ನೆ ಎದುರಾಯಿತು.

ಈ ಕಂದು ಪತಂಗ ಅಲ್ಲಿನ ವಸಂತದಲ್ಲಿ, ಅಂದರೆ ಸೆಪ್ಟೆಂಬರ್‌ನಿಂದ, ಬಯಲು ಬಿಟ್ಟು ಆಸ್ಟ್ರೇಲಿಯನ್ ಆಲ್ಪ್ಸ್ ಬೆಟ್ಟಗಳಿಗೆ ಹಾರುತ್ತದೆ. ಕೆಲವಕ್ಕೆ ದಾರಿ 1,000 ಕಿ.ಮೀ. ಪ್ರಯಾಣ ರಾತ್ರಿಯಲ್ಲಿ; ದಿಕ್ಕು ತೋರುವುದು ನಕ್ಷತ್ರಗಳು ಮತ್ತು ಭೂಮಿಯ ಕಾಂತಕ್ಷೇತ್ರ. ಬೇಸಿಗೆ ಕಳೆಯುವುದು ಬೆಟ್ಟದ ತಂಪು ಗುಹೆಗಳಲ್ಲಿ.

ಅದೇ ಬೆಟ್ಟದಲ್ಲಿ ಮೌಂಟೇನ್ ಪಿಗ್ಮಿ ಪಾಸಮ್ ಎಂಬ ಪುಟ್ಟ ಪ್ರಾಣಿ ಇದೆ. ತೂಕ ಸುಮಾರು 45 ಗ್ರಾಂ. ಕಾಂಗರೂವಿನಂತೆ ಮರಿಗಳನ್ನು ಹೊಟ್ಟೆಚೀಲದಲ್ಲಿ ಸಾಕುತ್ತದೆ. ಚಳಿಗಾಲವಿಡೀ ಹಿಮದಡಿ ಮಲಗಿ, ಹಸಿದು ಎದ್ದಾಗ ಅದರ ಮುಖ್ಯ ಊಟ ಈ ಪತಂಗವೇ.

ಹಿಂದೆ ವರ್ಷಕ್ಕೆ ಸುಮಾರು 440 ಕೋಟಿ ಪತಂಗಗಳು ಬೆಟ್ಟ ತಲುಪುತ್ತಿದ್ದವು ಎಂದು ಅಂದಾಜು. 2017ರಿಂದ ಬಿದ್ದ ಬರದಲ್ಲಿ ಅವು ಎಷ್ಟು ಕುಸಿದವೆಂದರೆ ಕೆಲವು ಗುಹೆಗಳಲ್ಲಿ ಒಂದೂ ಸಿಗಲಿಲ್ಲ. ಎಷ್ಟೋ ತಾಯಿ ಪಾಸಮ್‌ಗಳ ಚೀಲದಲ್ಲೇ ಮರಿಗಳು ಸತ್ತವು. 2021ರಲ್ಲಿ ಬೊಗೊಂಗ್ ಪತಂಗ ಐಯುಸಿಎನ್ ಕೆಂಪುಪಟ್ಟಿಗೆ ಸೇರಿತು.

ಬರವನ್ನು ನಾವು ತಡೆಯಲಾರೆವು. ಆದರೆ ಪತಂಗವನ್ನು ದಾರಿ ತಪ್ಪಿಸುವ ದೀಪದ ಸ್ವಿಚ್ಚು ನಮ್ಮ ಕೈಯಲ್ಲೇ ಇದೆ. ಅದಕ್ಕೇ ಝೂಸ್ ವಿಕ್ಟೋರಿಯಾ ಸಂಸ್ಥೆ ಜನರನ್ನು ಎರಡು ವಿಷಯ ಕೇಳಿಕೊಂಡಿತು: ವಸಂತದಲ್ಲಿ ಬೇಡದ ಹೊರದೀಪ ಆರಿಸಿ, ಪತಂಗ ಕಂಡರೆ ಫೋಟೋ ತೆಗೆದು ‘ಮಾತ್ ಟ್ರ್ಯಾಕರ್’ಗೆ ಕಳುಹಿಸಿ.

ಒಂದು ಫೋಟೋದಿಂದ ಪಾಸಮ್‌ನ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಬಹುದು. ತುಂಬುವುದಿಲ್ಲ, ನಿಜ. ಆದರೆ ಸಾವಿರ ಕಿ.ಮೀ. ದಾರಿಯುದ್ದಕ್ಕೂ ವಿಜ್ಞಾನಿಗಳು ಕಾವಲು ನಿಲ್ಲಲಾಗದು. ಪತಂಗ ಈ ವರ್ಷ ಬರುತ್ತಿದೆಯೇ, ಎಲ್ಲಿಯವರೆಗೆ ಬಂತು ಎಂಬುದು ಸಾವಿರಾರು ಅಂಗಳಗಳಿಂದಲೇ ತಿಳಿಯಬೇಕು. ಪದವಿ ಬೇಕಿಲ್ಲ, ತಾಳ್ಮೆ, ಪ್ರಾಮಾಣಿಕತೆ ಸಾಕು. ಇದನ್ನು ಚಿಕ್ಕ ಕೆಲಸ ಎನ್ನಲು ನಮಗೆ ಮನಸ್ಸಿಲ್ಲ.

ನಮ್ಮ ಧರ್ಮಕೇಂದ್ರದ ಹಲವು ಮನೆಗಳ ಅಣ್ಣ ಅಕ್ಕಂದಿರು ಈಗ ಮೆಲ್ಬರ್ನ್, ಸಿಡ್ನಿಗಳಲ್ಲಿದ್ದಾರೆ. ಭಾನುವಾರದ ವಿಡಿಯೋ ಕರೆಯಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳೋಣ: ‘ಅಂಗಳದ ದೀಪ ಆರಿಸಿದಿರಾ? ಪತಂಗ ಕಂಡಿತಾ?’