ಮರೆವು ನಿಜವೋ, ನಟನೆಯೋ?

ಹಾದಿಯ ಬದಿಯಲ್ಲಿ ಹೂತಿಟ್ಟ ಬಾಂಬು ಸಿಡಿಯುತ್ತದೆ. ವಾಹನದೊಳಗಿನ ಸೈನಿಕನಿಗೆ ಒಂದೆರಡು ನಿಮಿಷ ಪ್ರಜ್ಞೆ ತಪ್ಪುತ್ತದೆ. ಎಚ್ಚೆತ್ತಾಗ ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳಿಂದ ಮರಳಿದ ಅಮೆರಿಕದ ಯೋಧರಲ್ಲಿ ಇಂಥವರು ಸಾವಿರಾರು ಮಂದಿ. ಪ್ರಜ್ಞೆ ತಪ್ಪಿದ್ದು 30 ನಿಮಿಷ ಮೀರದೆ, ಅನಂತರದ ಮರೆವು ಒಂದು ದಿನ ಮೀರದೆ ಇದ್ದರೆ ವೈದ್ಯರು ಅದನ್ನು ಮಿದುಳಿನ ಲಘು ಪೆಟ್ಟೆಂದು ಗಣಿಸುವರು. ಬಹುಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರ ತಲೆನೋವು, ಮರೆವು, ನಿದ್ರಾಹೀನತೆಗಳು ಮಾತ್ರ ವರ್ಷ ಕಳೆದರೂ ನಿಲ್ಲವು. ಸಾಮಾನ್ಯವಾದ ಸ್ಕ್ಯಾನಿನಲ್ಲಿ ಏನೂ ಕಾಣದು. ರೋಗಿಯ ಮಾತೊಂದೇ ಸಾಕ್ಷಿ. ಆ ಮಾತಿನ ಮೇಲೆಯೇ ಅವನ ಪಿಂಚಣಿಯೂ ಸೇವೆಯಿಂದ ಬಿಡುಗಡೆಯೂ ನಿಂತಿರುವಾಗ ಅದನ್ನು ಎಷ್ಟರಮಟ್ಟಿಗೆ ನಂಬಬೇಕು?

ಇದಕ್ಕೆ ಮನಶ್ಶಾಸ್ತ್ರಜ್ಞರು ಕಂಡುಕೊಂಡ ಉಪಾಯ ಬಲು ಸ್ವಾರಸ್ಯವಾದುದು: ನೋಡಲು ಕಠಿಣ, ಮಾಡಲು ಸುಲಭವಾದ ಪರೀಕ್ಷೆ. ಸ್ವಿಟ್ಜರ್ಲೆಂಡಿನ ಆಂದ್ರೆ ರೇ 1964ರಲ್ಲಿ ಪ್ರಕಟಿಸಿದ್ದು ಇದರ ಹಳೆಯ ಮಾದರಿ. '15 ಬೇರೆ ಬೇರೆ ಚಿಹ್ನೆಗಳನ್ನು ನೆನಪಿಡಬೇಕು' ಎಂದು ಗಂಭೀರವಾಗಿ ಎಚ್ಚರಿಸಿ, ಹಾಳೆಯೊಂದನ್ನು 10 ಸೆಕೆಂಡು ತೋರಿಸುತ್ತಾರೆ. ಹಾಳೆಯಲ್ಲಿರುವುದಾದರೋ ಇಂಗ್ಲಿಷಿನ ಮೊದಲ ಮೂರು ಅಕ್ಷರಗಳು, ದೊಡ್ಡವು ಮತ್ತು ಚಿಕ್ಕವು. 1, 2, 3. ಮತ್ತೆ ಅವೇ ಮೂರು ರೋಮನ್ ಅಂಕಿಗಳಲ್ಲಿ. ಒಂದು ವೃತ್ತ, ಒಂದು ಚೌಕ, ಒಂದು ತ್ರಿಕೋನ. ಶಾಲೆಯ ಹುಡುಗನೂ ನೆನಪಿಡಬಲ್ಲ!

ಕೆನಡದ ಟಾಮ್ ಟೊಂಬಾ 1996ರಲ್ಲಿ ಹೊರತಂದ ಪರೀಕ್ಷೆ ಇನ್ನೂ ಸೂಕ್ಷ್ಮ. 50 ರೇಖಾಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಬಳಿಕ ಎರಡೆರಡು ಚಿತ್ರಗಳನ್ನು ಮುಂದಿಟ್ಟು, ಮೊದಲೇ ನೋಡಿದ್ದು ಯಾವುದೆಂದು ಕೇಳುತ್ತಾರೆ. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಮಿದುಳಿಗೆ ನಿಜವಾಗಿ ಪೆಟ್ಟು ಬಿದ್ದವರಲ್ಲಿಯೂ ಬಹುಮಂದಿ 45ಕ್ಕೆ ಕಡಮೆಯಾಗದಂತೆ ಗುರುತಿಸಬಲ್ಲರು. ಕಣ್ಣು ಮುಚ್ಚಿ ಊಹಿಸಿದವನಿಗೂ ಸುಮಾರು 25 ಸರಿಯಾಗುತ್ತವೆ. ಬರಿಯ ಊಹೆಯಿಂದ 17 ಅಥವಾ ಅದಕ್ಕೂ ಕಡಮೆ ಬರುವ ಸಂಭವ ನೂರಕ್ಕೆ ಎರಡರಷ್ಟೂ ಇಲ್ಲ. ಅಷ್ಟೊಂದು ತಪ್ಪುಗಳನ್ನು ಹೆಕ್ಕಿ ತೆಗೆಯಬೇಕಾದರೆ ಸರಿಯಾದುದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿರಬೇಕು.

ಆದರೆ ಅಷ್ಟು ಕೆಳಗೆ ಇಳಿಯುವವರು ವಿರಳ. ತೊಡಕಿರುವುದು ನಡುವೆ ನಿಂತವರ ವಿಷಯದಲ್ಲಿ. ರಾತ್ರಿಯಿಡೀ ನಿದ್ರೆಯಿಲ್ಲದವನು, ನೋವಿನಿಂದ ಕಂಗೆಟ್ಟವನು, ಖಿನ್ನತೆಯಲ್ಲಿ ಮುಳುಗಿದವನು ಮನಸ್ಸಿಟ್ಟು ಉತ್ತರಿಸಲಾರ. ನಿಜಕ್ಕೂ ನರಳುವವನು ತನ್ನನ್ನು ಯಾರೂ ನಂಬರೆಂಬ ಭಯದಿಂದ ಇದ್ದುದನ್ನೇ ಹಿಗ್ಗಿಸಿ ತೋರಿಸುವುದೂ ಉಂಟು. ಆದುದರಿಂದ ಕಡಮೆ ಅಂಕ ಬಂದರೆ ಆ ಸಲದ ಪರೀಕ್ಷೆಯನ್ನು ನೆಚ್ಚುವಂತಿಲ್ಲ ಎಂದಷ್ಟೇ ಅರ್ಥ; ಸುಳ್ಳುಗಾರನೆಂಬ ಮುದ್ರೆ ಒತ್ತಲು ಅದೊಂದೇ ಸಾಲದು. ಒಂದನೆಯ ಮಹಾಯುದ್ಧದಲ್ಲಿ ಓಡಿಹೋದರೆಂದೋ ಹೇಡಿಗಳೆಂದೋ ಗುಂಡಿಗೆ ಗುರಿಯಾದ 306 ಯೋಧರಿಗೆ ಬ್ರಿಟನ್ 2006ರಲ್ಲಿ ಕ್ಷಮೆ ನೀಡಿತು. ಶೆಲ್ಲುಗಳ ಸ್ಫೋಟದಿಂದ ಮನಸ್ಸು ಕದಡಿದ್ದವರೂ ಅವರಲ್ಲಿದ್ದರು.

ಇನ್ನೊಂದು ಬಗೆಯ ಸೈನಿಕನೂ ಇದ್ದಾನೆ. ಸಂಗಾತಿಗಳನ್ನು ಬಿಟ್ಟಿರಲಾರದೆ ತಲೆಸುತ್ತನ್ನು ಮರೆಮಾಚಿ, ತನಗೇನೂ ಆಗಿಲ್ಲವೆನ್ನುವವನು. ಅಮೆರಿಕದ ಸೇನೆ 2010ರಲ್ಲಿ ಒಂದು ನಿಯಮ ಮಾಡಿತು: ಸ್ಫೋಟದಿಂದ 50 ಮೀಟರಿನೊಳಗಿದ್ದವನು ಏನೇ ಹೇಳಲಿ, ತಪಾಸಣೆ ಕಡ್ಡಾಯ, 24 ಗಂಟೆಗಳ ವಿಶ್ರಾಂತಿಯೂ ಕಡ್ಡಾಯ.